ಮೂವತ್ತಾರು ಮನೆಗಳ ಕಾಡು: ಗಣಕದಲ್ಲಿ ಕನ್ನಡ ಪದಶೋಧ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಪದಬಂಧ ನಮಗೆಲ್ಲ ಪರಿಚಿತವಾದದ್ದು. ಸುಳಿವನ್ನು ಓದಿ ಖಾಲಿ ಮನೆಗಳನ್ನು ತುಂಬುವುದು ಅದರ ಕ್ರಮ. ಇಂದು ನಾನು ಪ್ರಸ್ತಾಪಿಸಲಿರುವುದು ಅದರ ತಂಗಿಯಂತಿರುವ ಇನ್ನೊಂದು ಆಟವನ್ನು. ಇದನ್ನು ಪದಶೋಧ ಎಂದು ಕರೆಯೋಣ. ಇಲ್ಲಿ ಚೌಕದ ಮನೆಗಳೆಲ್ಲವೂ ಮೊದಲೇ ಅಕ್ಷರಗಳಿಂದ ತುಂಬಿರುತ್ತವೆ. ಆ ಅಕ್ಷರಗಳ ಗುಂಪಿನಲ್ಲಿ ಅಡ್ಡಲಾಗಿ, ಉದ್ದಲಾಗಿ, ಓರೆಯಾಗಿ, ಕೆಲವೊಮ್ಮೆ ಹಿಂದುಮುಂದಾಗಿ ಪದಗಳು ಅಡಗಿರುತ್ತವೆ. ಅವುಗಳನ್ನು ಹುಡುಕಿ ಸುತ್ತ ಗೆರೆ ಎಳೆಯಬೇಕು.

ಅಮೆರಿಕದ ಓಕ್ಲಹೋಮ ರಾಜ್ಯದ ನಾರ್ಮನ್ ಎಂಬ ಊರಿನಲ್ಲಿ ನಾರ್ಮನ್ ಗಿಬಾಟ್ ಎಂಬವರು 1968ರ ಮಾರ್ಚ್ 1ರಂದು ತಮ್ಮ 'ಸೆಲೆನ್‌ಬಿ ಡೈಜೆಸ್ಟ್' ಎಂಬ ಸ್ಥಳೀಯ ಪತ್ರಿಕೆಯಲ್ಲಿ ಇಂತಹ ಚೌಕವೊಂದನ್ನು ಪ್ರಕಟಿಸಿದರು. ಆ ಊರಿನ ಶಾಲಾ ಶಿಕ್ಷಕರು ತಮ್ಮ ತರಗತಿಗಳಿಗೆಂದು ಅದರ ಪ್ರತಿಗಳನ್ನು ಕೇಳಿ ಪಡೆದರು; ಆಟ ಅಲ್ಲಿಂದ ಹರಡಿತು. ಸ್ಪೇನಿನಲ್ಲಿಯೂ ಅದೇ ದಶಕದಲ್ಲಿ ಇಂತಹ ಆಟ ರೂಪುಗೊಂಡಿತ್ತು. ಸಣ್ಣ ಊರಿನ ಸಣ್ಣ ಪತ್ರಿಕೆ ಮತ್ತು ಅಲ್ಲಿನ ಶಾಲೆ ಸೇರಿ ಬೆಳೆಸಿದ ಆಟವಿದು ಎಂಬ ಕಾರಣಕ್ಕೆ ನಮ್ಮಂತಹ ಬಳಗಕ್ಕೆ ಇದು ಒಗ್ಗುತ್ತದೆ.

ನಮಗೆ ಇದರಿಂದ ಏನಾಗಬೇಕು? ಮಲೆನಾಡಿನ ಮಾತಿನಲ್ಲಿ ನೆಲಕ್ಕೆ ಎಷ್ಟೊಂದು ಹೆಸರುಗಳಿವೆ ಎಂಬುದನ್ನು ನೆನಪಿಸಿಕೊಳ್ಳಿ. ಊರವರು ಕಾಯ್ದುಕೊಂಡು ಬಂದ ನಿತ್ಯಹಸುರಿನ ಕಾಡು ಕಾನು. ಅಡಿಕೆ ತೋಟಕ್ಕೆ ಸೊಪ್ಪು ಕೊಡುವುದು ಸೊಪ್ಪಿನಬೆಟ್ಟ. ದನ ಮೇಯುವ ಹುಲ್ಲಿನ ಇಳಿಜಾರು ಬೇಣ. ಗುಡ್ಡದಿಂದ ತಾನೇ ತಾನಾಗಿ ಇಳಿದುಬರುವ ನೀರು ಅಬ್ಬಿ. ಅದನ್ನು ಅಂಗಳಕ್ಕೆ ತರುವ ಸೀಳಿದ ಅಡಿಕೆ ಮರ ದಬ್ಬೆ. ಈ ಪ್ರತಿಯೊಂದು ಹೆಸರಿನೊಳಗೆ ಆ ಜಾಗದ ಉಪಯೋಗವೂ, ಅದನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಕಟ್ಟಳೆಯೂ ಅಡಕವಾಗಿವೆ. ಕಾನು ಎಂಬ ಮಾತನ್ನು ಅರಿಯದ ಮಗುವಿಗೆ ಅದು ಬರಿಯ ಕಾಡು. ಬೇಣ ಎಂಬ ಮಾತನ್ನು ಅರಿಯದವನಿಗೆ ಅದು ಖಾಲಿ ಜಾಗ. ಖಾಲಿ ಜಾಗವೆಂದು ಹೆಸರಾದ ನೆಲದ ಮೇಲೆ ಯಾರು ಏನನ್ನು ಮಾಡಿದರೂ ಕೇಳುವವರಿರುವುದಿಲ್ಲ. ಆದುದರಿಂದ ಪದ ಉಳಿಯುವುದು ಭಾಷೆಯ ಪ್ರಶ್ನೆಯಷ್ಟೇ ಅಲ್ಲ, ನೆಲದ ಪ್ರಶ್ನೆಯೂ ಹೌದು.

ಈಗ ಗಣಕದ ಕೆಲಸವನ್ನು ನೋಡೋಣ. ಚೌಕವನ್ನು ಕೈಯಿಂದಲೂ ರಚಿಸಬಹುದು. ಆದರೆ ಪ್ರತಿ ತರಗತಿಗೂ ಪ್ರತಿ ತಿಂಗಳಿಗೂ ಹೊಸದು ಬೇಕೆಂದಾದರೆ ತಂತ್ರಾಂಶದ ನೆರವು ಅಗತ್ಯ. ಪೈಥಾನ್‌ನಂತಹ, ಹಣ ಕೊಡದೆ ದೊರೆಯುವ ಭಾಷೆಯಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಯೂ ಇದನ್ನು ಬರೆಯಬಲ್ಲ. ಕ್ರಮ ಹೀಗಿದೆ. ಪದಪಟ್ಟಿಯನ್ನು ಉದ್ದದ ಪ್ರಕಾರ ಜೋಡಿಸಿ, ಉದ್ದನೆಯ ಪದವನ್ನು ಮೊದಲು ಕೂರಿಸಬೇಕು. ಸೌದೆ ಒಟ್ಟುವಾಗ ದೊಡ್ಡ ದಿಮ್ಮಿಗಳನ್ನು ಮೊದಲಿಟ್ಟು ಸಂದುಗಳಲ್ಲಿ ಚಿಕ್ಕವನ್ನು ಸೇರಿಸುವ ರೀತಿಯೇ ಇದು. ಗಣಕವು ಒಂದು ಮನೆಯನ್ನೂ ಒಂದು ದಿಕ್ಕನ್ನೂ ಚೀಟಿ ಎತ್ತಿದಂತೆ ಆರಿಸುತ್ತದೆ. ಆ ದಾರಿಯ ಮನೆಗಳು ಖಾಲಿ ಇದ್ದರೆ, ಅಥವಾ ಅಲ್ಲಿರುವ ಅಕ್ಷರವೇ ಹೊಸ ಪದಕ್ಕೂ ಬೇಕಾಗಿದ್ದರೆ, ಪದ ಅಲ್ಲಿ ಕೂರುತ್ತದೆ. ಇಲ್ಲವಾದರೆ ಬೇರೆ ದಾರಿ. ಹತ್ತು ಸಾಲು, ಹತ್ತು ಕಂಬಗಳ ಚೌಕದಲ್ಲಿ ನಾಲ್ಕಕ್ಷರದ ಪದವೊಂದನ್ನು ಎಂಟು ದಿಕ್ಕುಗಳಲ್ಲಿ 476 ಬಗೆಯಾಗಿ ಇಡಬಹುದು. ಇವನ್ನೆಲ್ಲ ಗಣಕ ಕ್ಷಣಮಾತ್ರದಲ್ಲಿ ಪರೀಕ್ಷಿಸುತ್ತದೆ. ಎಲ್ಲಿಯೂ ಸ್ಥಳ ದೊರೆಯದಿದ್ದರೆ ಹಿಂದೆ ಕೂರಿಸಿದ ಪದವನ್ನು ಎತ್ತಿ, ಅದಕ್ಕೆ ಬೇರೆ ಜಾಗ ಹುಡುಕಿ, ಮತ್ತೆ ಮುಂದುವರಿಯಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೆಲವು ಸಿದ್ಧ ತಂತ್ರಾಂಶಗಳು ಸ್ಥಳ ಸಿಗದ ಪದವನ್ನು ಸದ್ದಿಲ್ಲದೆ ಕೈಬಿಡುತ್ತವೆ. ಇನ್ನು ಕೆಲವು, ಮೂರಕ್ಕಿಂತ ಕಡಿಮೆ ಅಕ್ಷರದ ಪದಗಳನ್ನು ಸ್ವೀಕರಿಸುವುದೇ ಇಲ್ಲ. ಈ ನಿಯಮ ಇಂಗ್ಲಿಷಿಗೆ ಸರಿಹೋದೀತು. ಕನ್ನಡದಲ್ಲಿ ಹಾಗೆ ಮಾಡಿದರೆ ಕಾನು, ಹಾಡಿ, ಬೇಣ, ಅಬ್ಬಿ, ದಬ್ಬೆ, ಹಳ್ಳ, ಹೊಳೆ ಎಲ್ಲವೂ ಹೊರಗುಳಿಯುತ್ತವೆ. ನಮ್ಮ ನೆಲದ ಹೆಸರುಗಳಲ್ಲಿ ಬಹಳಷ್ಟು ಎರಡಕ್ಷರದವು. ಯಾವ ಪದಕ್ಕೆ ಜಾಗ ಸಿಗಲಿಲ್ಲವೆಂಬುದನ್ನು ಹೆಸರಿಸಿ ತಿಳಿಸುವಂತೆ ತಂತ್ರಾಂಶವನ್ನು ಬರೆಯಬೇಕು. ಆಗ ಚೌಕವನ್ನು ಹಿಗ್ಗಿಸುವುದೋ ಪದವನ್ನು ಮುಂದಿನ ಸಂಚಿಕೆಗೆ ಇಡುವುದೋ ನಮ್ಮ ತೀರ್ಮಾನವಾಗುತ್ತದೆ.

ಕನ್ನಡಕ್ಕೆ ಸಂಬಂಧಿಸಿದ ಮುಖ್ಯ ತೊಡಕು ಇನ್ನೊಂದಿದೆ. ಚೌಕದ ಒಂದು ಮನೆಯಲ್ಲಿ ಏನಿರಬೇಕು? ನಾವು ಬರೆಯುವಾಗ ಮಂಗಟ್ಟೆ ಎಂಬುದು ಮೂರು ಅಕ್ಷರ: ಮಂ, ಗ, ಟ್ಟೆ. ಗಣಕದೊಳಗೆ ಅದು ಏಳು ಸಂಕೇತಗಳ ಸಾಲು: ಮ, ಸೊನ್ನೆ, ಗ, ಟ, ವಿರಾಮದ ಗುರುತು, ಮತ್ತೊಂದು ಟ, ಎತ್ವ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಅದು ವ್ಯಂಜನ, ಸ್ವರಚಿಹ್ನೆ, ವಿರಾಮಗಳಿಗೆ ಪ್ರತ್ಯೇಕ ಸಂಕೇತಗಳನ್ನಿತ್ತು, ಅವುಗಳನ್ನು ಕೂಡಿಸಿ ಅಕ್ಷರದ ಆಕಾರ ಮೂಡಿಸುವ ಹೊಣೆಯನ್ನು ಅಕ್ಷರಶೈಲಿಗೆ ಬಿಟ್ಟಿದೆ. ಇಂಗ್ಲಿಷಿಗೆಂದು ಬರೆದ ತಂತ್ರಾಂಶವು ಒಂದು ಸಂಕೇತಕ್ಕೆ ಒಂದು ಮನೆಯಂತೆ ಹಂಚುತ್ತದೆ. ಆಗ ಸೊನ್ನೆಯೊಂದು ಮನೆಯಲ್ಲಿ, ಎತ್ವವೊಂದು ಮನೆಯಲ್ಲಿ, ಆಸರೆಯಿಲ್ಲದೆ ಚುಕ್ಕಿಗಳ ವೃತ್ತಕ್ಕೆ ಅಂಟಿಕೊಂಡು ನಿಲ್ಲುತ್ತವೆ. ಹಾಗೆ ಮುದ್ರಿತವಾದ ಚೌಕವನ್ನು ಯಾವ ಮಗುವೂ ಓದಲಾರದು.

ಪರಿಹಾರ ಕಷ್ಟದ್ದಲ್ಲ. ತಂತ್ರಾಂಶಕ್ಕೆ ಮೂರು ನಿಯಮಗಳನ್ನು ಕಲಿಸಿದರೆ ಸಾಕು. ಒಂದು, ಸ್ವರವೋ ವ್ಯಂಜನವೋ ಬಂದಾಗ ಹೊಸ ಮನೆ ತೆರೆಯಬೇಕು. ಎರಡು, ಸ್ವರಚಿಹ್ನೆ, ಸೊನ್ನೆ, ವಿಸರ್ಗ, ವಿರಾಮಗಳು ಹಿಂದಿನ ಮನೆಗೇ ಸೇರಬೇಕು. ಮೂರು, ವ್ಯಂಜನದ ಹಿಂದೆ ವಿರಾಮವಿದ್ದರೆ ಅದು ಒತ್ತಕ್ಷರ. ಅದಕ್ಕೆ ಹೊಸ ಮನೆ ಬೇಡ. ಈ ಕ್ರಮದಿಂದ ಎಂಟು ಸಂಕೇತಗಳ ರಾಮಪತ್ರೆ ನಾಲ್ಕು ಮನೆಗಳಲ್ಲಿಯೂ, ಆರು ಸಂಕೇತಗಳ ಸಂಪಿಗೆ ಮೂರು ಮನೆಗಳಲ್ಲಿಯೂ ಸರಿಯಾಗಿ ಕೂರುತ್ತವೆ. ಅಕ್ಷರಗಳನ್ನು ಬಿಡಿಸುವ ಸಿದ್ಧ ಸಲಕರಣೆಗಳು ಒತ್ತಕ್ಷರವಿರುವಲ್ಲಿ ಎರಡಾಗಿ ಒಡೆಯುವುದುಂಟು. ಮತ್ತಿ, ಹೊನ್ನೆ ಎಂಬ ಪದಗಳನ್ನು ಕೊಟ್ಟು ಪರೀಕ್ಷಿಸಿ ನೋಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪಟ್ಟಿಗಳಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಅವುಗಳಲ್ಲಿ ಸಂಕೇತಗಳು ಅಕ್ಷರದ ಆಕಾರದ ತುಂಡುಗಳಿಗೆ ಇರುವುದರಿಂದ ಮೇಲಿನ ನಿಯಮಗಳು ಅಲ್ಲಿ ನಡೆಯವು.

ಮುಂದಿನ ಹೆಜ್ಜೆ ಉಳಿದ ಮನೆಗಳನ್ನು ತುಂಬುವುದು. ಇಂಗ್ಲಿಷಿನಲ್ಲಿ 26 ಅಕ್ಷರಗಳಿಂದ ಮನಬಂದಂತೆ ತುಂಬಿದರೂ ಆಟ ಕೆಡುವುದಿಲ್ಲ. ಕನ್ನಡದ 34 ವ್ಯಂಜನಗಳಿಗೆ 13 ಸ್ವರಗಳ ಗುಣಿತ ಸೇರಿದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳು ಅದಕ್ಕೂ ಮಿಗಿಲು. ವರ್ಣಮಾಲೆಯ ಬಿಡಿ ಅಕ್ಷರಗಳಿಂದ ಖಾಲಿ ಮನೆಗಳನ್ನು ತುಂಬಿದರೆ ಙ, ಞ, ಝ ಮುಂತಾದವು ಎಲ್ಲೆಡೆ ಕಾಣಿಸಿಕೊಂಡು, ಅವುಗಳ ನಡುವೆ ಟ್ಟೆ, ತ್ರೆ, ಪ್ಪಾ ಎಂಬವು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಹುಡುಕುವ ಶ್ರಮವೇ ಉಳಿಯುವುದಿಲ್ಲ. ಆದ್ದರಿಂದ ಪಟ್ಟಿಯ ಪದಗಳ ಅಕ್ಷರಗಳನ್ನೇ ಒಂದು ಚೀಲಕ್ಕೆ ಹಾಕಿ, ಅದರಿಂದಲೇ ಎತ್ತಿ ತುಂಬುವುದು ಉತ್ತಮ.

ಈ ರೀತಿಯಲ್ಲಿ ರಚಿಸಿದ ಒಂದು ಚಿಕ್ಕ ಚೌಕ ಇಲ್ಲಿದೆ. ಅಡಗಿರುವ ಎಂಟು ಪದಗಳು: ರಾಮಪತ್ರೆ, ಮುರುಗಲು, ಸಿಂಗಳೀಕ, ಉಪ್ಪಾಗೆ, ಮಂಗಟ್ಟೆ, ಸುರಗಿ, ಹಲಸು, ಕಾನು.

ಮು | ಲು | ತ್ರೆ | ಕಾ | ನು | ಲ
ಲ | ರು | ಮಂ | ಹ | ಪ್ಪಾ | ರಾ
ಕಾ | ಸಿಂ | ಗ | ಳೀ | ಕ | ಮ
ಗೆ | ತ್ರೆ | ಟ್ಟೆ | ಲು | ಹ | ಪ
ಉ | ಪ್ಪಾ | ಗೆ | ಸಿಂ | ಲ | ತ್ರೆ
ಪ್ಪಾ | ಲು | ಗಿ | ರ | ಸು | ಳೀ

ಮೂರನೆಯ ಸಾಲಿನ ಗ ಎಂಬ ಒಂದೇ ಮನೆಯನ್ನು ಸಿಂಗಳೀಕ, ಮಂಗಟ್ಟೆ, ಮುರುಗಲು ಮೂರೂ ಹಂಚಿಕೊಂಡಿರುವುದನ್ನು ಗಮನಿಸಿ. ಕೊನೆಯ ಸಾಲಿನ ಸು ಅಕ್ಷರದಲ್ಲಿ ಹಲಸು ಮುಗಿಯುತ್ತದೆ, ಸುರಗಿ ಅಲ್ಲಿಂದಲೇ ಎಡಕ್ಕೆ ಹೊರಡುತ್ತದೆ. ಎಂಟು ಪದಗಳ 26 ಅಕ್ಷರಗಳು ಹೀಗೆ 23 ಮನೆಗಳಲ್ಲಿ ಅಡಗಿವೆ. ಉಳಿದ 13 ಮನೆಗಳನ್ನು ತುಂಬಿದ್ದು ಚೀಲದ ಅಕ್ಷರಗಳು.

ಈಗ ಇದೇ ಚೌಕವನ್ನು ಇನ್ನೊಮ್ಮೆ ನೋಡಿ. ಮೊದಲ ಕಂಬದಲ್ಲಿ ಮೇಲಿನಿಂದ ಮೂರನೆಯ ಮನೆಯಿಂದ ಕೆಳಕ್ಕೆ ಓದಿದರೆ ಕಾಗೆ. ಅದೇ ಕಾ ಅಕ್ಷರದಿಂದ ಬಲಕ್ಕೆ ಓರೆಯಾಗಿ ಮೇಲೇರಿದರೆ ಕಾರು. ಐದನೆಯ ಸಾಲಿನ ಸಿಂ ಅಕ್ಷರದಿಂದ ಹಾಗೆಯೇ ಮೇಲೇರಿದರೆ ಸಿಂಹ. ಇವು ಮೂರೂ ಪಟ್ಟಿಯಲ್ಲಿಲ್ಲ. ಚೀಲದ ಅಕ್ಷರಗಳು ಅಕಸ್ಮಾತ್ತಾಗಿ ಪಕ್ಕಪಕ್ಕಕ್ಕೆ ಬಿದ್ದು ಹುಟ್ಟಿದವು. ಕಾಗೆಯನ್ನು ಸಂತೋಷದಿಂದ ಉಳಿಸಿಕೊಳ್ಳಬಹುದು. ಆದರೆ ನಮ್ಮ ಘಟ್ಟದ ಕಾಡುಗಳಲ್ಲಿ ಸಿಂಹವಿಲ್ಲ. ಇಂದು ಭಾರತದಲ್ಲಿ ಕಾಡಿನ ಸಿಂಹವಿರುವುದು ಗುಜರಾತಿನ ಗಿರ್ ಮತ್ತು ಅದರ ಆಸುಪಾಸಿನಲ್ಲಿ ಮಾತ್ರ. ಇದು ಗಣಕಕ್ಕೆ ತಿಳಿಯದು. ಅದರ ಪಾಲಿಗೆ ಸಿಂಗಳೀಕವೂ ಸಿಂಹವೂ ಕಾರೂ ಒಂದೇ, ಬರಿಯ ಸಂಕೇತಗಳ ಸರಣಿ. ಆದ್ದರಿಂದ ಮುದ್ರಣಕ್ಕೆ ಮೊದಲು ಒಬ್ಬರು ಕುಳಿತು ಎಂಟು ದಿಕ್ಕುಗಳಲ್ಲಿಯೂ ಓದಲೇಬೇಕು. ಪಟ್ಟಿಯ ಪ್ರತಿ ಪದವೂ ಒಂದೇ ಬಾರಿ ಇದೆಯೇ ಎಂಬುದನ್ನು ಗಣಕವೇ ಎಣಿಸಬಲ್ಲುದು. ಅಸಭ್ಯ ಮಾತು, ಯಾರನ್ನಾದರೂ ನೋಯಿಸುವ ಮಾತು ಮೂಡಿದೆಯೇ ಎಂಬುದನ್ನು ಮನುಷ್ಯರೇ ನೋಡಬೇಕು.

ಇಲ್ಲಿಗೆ ನನ್ನ ಮಾತಿನ ತಿರುಳಿಗೆ ಬಂದೆ. ತಂತ್ರಾಂಶವನ್ನು ಒಮ್ಮೆ ಬರೆದಿಟ್ಟರೆ ಮುಗಿಯಿತು. ನಿಜವಾದ ಕೆಲಸ ಪಟ್ಟಿಯದು, ಮತ್ತು ಆ ಪಟ್ಟಿ ಗಣಕದಲ್ಲಿಲ್ಲ, ನಿಮ್ಮ ಮನೆಯ ಹಿರಿಯರಲ್ಲಿದೆ. ಸಿದ್ಧ ಪಟ್ಟಿಗಳಿಂದ ಪದ ಎತ್ತಿದರೆ ನಮ್ಮ ಮಕ್ಕಳು ಆನೆ, ಒಂಟೆ, ಜಿರಾಫೆಗಳನ್ನು ಹುಡುಕುತ್ತಾರೆಯೇ ಹೊರತು ವಾಟೆ, ಹೆಬ್ಬಲಸು, ಕಬ್ಬೆಕ್ಕುಗಳನ್ನಲ್ಲ. ಹೆಸರುಗಳನ್ನು ಸಂಗ್ರಹಿಸುವಾಗ ಒಂದು ಊರಿನ ರೂಪವನ್ನು ಇನ್ನೊಂದು ಊರಿನ ಮೇಲೆ ಹೇರಬೇಡಿ. ಒಂದೆಡೆ ಬೇಣ ಎಂದರೆ ಮತ್ತೊಂದೆಡೆ ಬ್ಯಾಣ. ಘಟ್ಟದ ಮೇಲಿನವರ ಮುರುಗಲು ಕರಾವಳಿಯಲ್ಲಿ ಪುನರ್ಪುಳಿ. ಗಣಕಕ್ಕೆ ಇವು ಬೇರೆ ಬೇರೆ ಪದಗಳು. ಎರಡನ್ನೂ ಬರೆದು, ಎರಡೂ ಒಂದೇ ವಸ್ತುವೆಂದು ಪಕ್ಕದಲ್ಲಿ ಟಿಪ್ಪಣಿ ಹಾಕುವುದು ನಮ್ಮ ಕೆಲಸ.

ಪದಶೋಧಕ್ಕೆ ಒಂದು ಮಿತಿಯಿದೆ. ಉಪ್ಪಾಗೆ ಮರವನ್ನು ಕಾಣದ ವಿದ್ಯಾರ್ಥಿಯೂ ಉ, ಪ್ಪಾ, ಗೆ ಎಂಬ ಮೂರು ಆಕಾರಗಳನ್ನು ಹೊಂದಿಸಿ ಗೆರೆ ಎಳೆಯಬಲ್ಲ. ಕಣ್ಣಿನ ಗುರುತು ಸಿಕ್ಕಿತೇ ಹೊರತು ಅರಿವು ಸಿಗಲಿಲ್ಲ. ಅದಕ್ಕಾಗಿ ನನ್ನದೊಂದು ಸಲಹೆ: ಹಾಳೆಯ ಮೇಲೆ ಪದಗಳನ್ನು ನೇರವಾಗಿ ಕೊಡುವುದರ ಬದಲು ಸುಳಿವುಗಳನ್ನು ಕೊಡೋಣ. 'ಇದರ ಒಣಸಿಪ್ಪೆ ಅಡುಗೆಯ ಹುಳಿಗಾಗುತ್ತದೆ, ಬೀಜದಿಂದ ತುಪ್ಪ ತೆಗೆಯುತ್ತಾರೆ' ಎಂದು ಬರೆದರೆ ಮಗು ಉತ್ತರಕ್ಕಾಗಿ ಮೊದಲು ಅಜ್ಜಿಯ ಬಳಿಗೆ, ಆಮೇಲೆ ಚೌಕದ ಬಳಿಗೆ ಹೋಗಬೇಕಾಗುತ್ತದೆ. ಪ್ರತಿ ಪದದ ಮುಂದೆ ಎರಡು ಗೆರೆ ಖಾಲಿ ಬಿಡೋಣ: ಇದನ್ನು ಹೇಳಿಕೊಟ್ಟವರು ಯಾರು, ನಾನು ಇದನ್ನು ಎಲ್ಲಿ ಕಂಡೆ. ಎಲ್ಲಿಯೂ ಕಾಣಲಿಲ್ಲವಾದರೆ ಹಾಗೆಂದೇ ಬರೆಯಲಿ. ಹಲವು ಹಾಳೆಗಳಲ್ಲಿ ಒಂದೇ ಹೆಸರಿನ ಮುಂದೆ 'ಕಾಣಲಿಲ್ಲ' ಎಂದಿದ್ದರೆ, ಆ ಮರವನ್ನೋ ಹಕ್ಕಿಯನ್ನೋ ಹುಡುಕಿಕೊಂಡು ದೊಡ್ಡವರೂ ಕಾಡಿಗೆ ಹೊರಡಬೇಕಾದ ಕಾಲ ಬಂದಿದೆ ಎಂದೇ ಅರ್ಥ.

ಹೀಗೆ ಕೂಡಿದ ಪಟ್ಟಿ ಆಟಕ್ಕಷ್ಟೇ ಸೀಮಿತವಾಗಬೇಕಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸ್ಥಳೀಯರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಅದರ ಮುಖ್ಯ ಹೊಣೆ. ಊರಿನ ಹೆಸರುಗಳು ಊರಿನವರ ಉಚ್ಚಾರದಲ್ಲಿಯೇ ಆ ದಾಖಲೆಗೆ ಸೇರಲು ಮಕ್ಕಳ ಹಾಳೆಗಳು ನೆರವಾಗಬಲ್ಲವು. ಆದರೆ ಅಪರೂಪದ ಔಷಧಿ ಗಿಡ ಇಂತಹದೇ ಜಾಗದಲ್ಲಿದೆ ಎಂಬ ವಿವರವನ್ನು ಮುದ್ರಿತ ಆಟದ ಹಾಳೆಯಲ್ಲಿ ಕೊಡುವುದು ಬೇಡ. ಅದು ಊರೊಳಗೆ ಉಳಿಯಬೇಕಾದ ಮಾತು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಮುಂದಿನ ಸಭೆಗೆ ಬರುವಾಗ ತಲಾ ಹತ್ತು ಪದಗಳನ್ನು ತನ್ನಿ. ಪುಸ್ತಕದಿಂದ ಬೇಡ; ಒಬ್ಬ ಹಿರಿಯರ ಜೊತೆ ತೋಟಕ್ಕೋ ಬೆಟ್ಟಕ್ಕೋ ಹೋಗಿ, ಅವರು ಉಚ್ಚರಿಸಿದಂತೆಯೇ ಬರೆದುಕೊಂಡು ಬನ್ನಿ. ಹಿರಿಯರಲ್ಲಿಯೂ ಒಂದು ಕೋರಿಕೆ: ಮಕ್ಕಳು ಕೇಳಿದಾಗ ಹೆಸರನ್ನಷ್ಟೇ ಹೇಳಿ ಕಳುಹಿಸಬೇಡಿ, ಮರದ ಬುಡದವರೆಗೆ ಕರೆದೊಯ್ಯಿರಿ. ಚೌಕ ಜೋಡಿಸುವ ಕೆಲಸವನ್ನು ಗಣಕಕ್ಕೆ ಬಿಡೋಣ.