ಮೆರವಣಿಗೆಯಿಲ್ಲದ ತಪಸ್ಸು

(ದೆಹಲಿಯ ಕಿದ್ವಾಯಿ ನಗರದಲ್ಲಿ ಕನ್ನಡ ಜೈನ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಿದ್ವಾಯಿ ನಗರದಿಂದ ರಿಂಗ್ ರಸ್ತೆ ದಾಟಿದರೆ 1956ರಲ್ಲಿ ಸ್ಥಾಪನೆಯಾದ ಏಮ್ಸ್ ಎದುರಾಗುತ್ತದೆ. ಅರವಿಂದ ಮಾರ್ಗದ ಆಚೆ ಬದಿಯಲ್ಲಿ ಸಫ್ದರ್‌ಜಂಗ್ ಆಸ್ಪತ್ರೆಯಿದೆ. ಊರಿನಿಂದ ಚಿಕಿತ್ಸೆಗೆಂದು ಬರುವ ಬಂಧುಗಳಿಗೆ ಇಲ್ಲಿನ ಕನ್ನಡ ಮನೆಗಳು ಛತ್ರವಾಗುವುದು ಹೊಸ ಸಂಗತಿಯಲ್ಲ. ದೇಶದ ಅತ್ಯುತ್ತಮ ವೈದ್ಯರು ಕಾಲ್ನಡಿಗೆಯ ದೂರದಲ್ಲಿರುವಾಗ ಆರೋಗ್ಯದ ಹೊಣೆಯನ್ನು ಅವರಿಗೇ ವಹಿಸಿ ನಿಶ್ಚಿಂತೆಯಿಂದಿರುವ ಸ್ವಭಾವವೂ ಬೆಳೆದುಬಿಡುತ್ತದೆ. ಆದರೆ ಇಂದು ಮಧ್ಯಮ ವರ್ಗದ ಮನೆಗಳನ್ನು ಕಾಡುವ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳು ಆಸ್ಪತ್ರೆಯ ಬಾಗಿಲಿಗೆ ಬರುವ ಮುನ್ನ ಹತ್ತಾರು ವರ್ಷ ಅಡುಗೆಮನೆಯಲ್ಲಿ, ಕುರ್ಚಿಯಲ್ಲಿ, ಹಾಸಿಗೆಯಲ್ಲಿ ಬೆಳೆದಿರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ರಾಷ್ಟ್ರವ್ಯಾಪಿ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಜನ ಆ ರೋಗದ ಹೊಸ್ತಿಲಲ್ಲಿದ್ದಾರೆ. ಗ್ರಾಮಗಳಿಗಿಂತ ನಗರಗಳಲ್ಲಿ ಪ್ರಮಾಣ ಹೆಚ್ಚು.

ಈ ಅಂಕಿಗಳನ್ನು ಕೇಳಿದಾಗ ಜೈನ ಸಮಾಜದಲ್ಲಿ ಒಂದು ಸಮಾಧಾನದ ಮಾತು ತಪ್ಪದೆ ಬರುತ್ತದೆ: “ಶ್ರಾವಕರ ಆಹಾರ ಶುದ್ಧ, ಆದ್ದರಿಂದ ದೇಹವೂ ಕ್ಷೇಮ.” ಈ ಮಾತನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಯಾವುದಾದರೂ ಅಂಗಡಿಯಲ್ಲಿ ‘ಜೈನ್’ ಎಂದು ಮುದ್ರಿಸಿದ ಪೊಟ್ಟಣವೊಂದನ್ನು ಕೈಗೆತ್ತಿಕೊಂಡರೆ ಸಾಕು. ಅದರಲ್ಲಿ ಆಲೂಗಡ್ಡೆಯ ಬದಲು ಬಾಳೆಕಾಯಿ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ. ಉಪ್ಪು, ತಾಳೆ ಎಣ್ಣೆ, ಮೈದಾ, ಸಕ್ಕರೆಗಳ ಬಗ್ಗೆ ಆ ಪದ ಏನನ್ನೂ ಹೇಳುವುದಿಲ್ಲ. ಜೈನ್ ಪಿಜ್ಜಾ, ಜೈನ್ ಪಾವ್‌ಭಾಜಿಗಳ ವಿಷಯವೂ ಇಷ್ಟೇ. ಏನನ್ನು ತಿನ್ನಬಾರದೆಂಬ ಪಟ್ಟಿಯನ್ನು ಸಮಾಜ ನಿಷ್ಠೆಯಿಂದ ಉಳಿಸಿಕೊಂಡಿದೆ. ಎಷ್ಟು ತಿನ್ನಬೇಕೆಂಬ ಲೆಕ್ಕವನ್ನು ಮಾತ್ರ ದಾರಿಯಲ್ಲೆಲ್ಲೋ ಬಿಟ್ಟು ಬಂದಿದೆ. ಬಿಟ್ಟ ಈ ಲೆಕ್ಕ ಹೊರಗಿನಿಂದ ಬಂದ ವಿದ್ಯೆಯಲ್ಲ, ಆಚಾರ್ಯರೇ ಕೊಟ್ಟದ್ದು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬಾಹ್ಯ ತಪಸ್ಸುಗಳು ಆರು. ಮೊದಲನೆಯದು ಅನಶನ, ಅಂದರೆ ಉಪವಾಸ. ಎರಡನೆಯದು ಅವಮೌದರ್ಯ, ಬಳಕೆಯ ಮಾತಿನಲ್ಲಿ ಊನೋದರ: ಹೊಟ್ಟೆ ತುಂಬುವ ಮೊದಲೇ ಕೈ ತೊಳೆಯುವುದು. ಮೂರನೆಯದು ವೃತ್ತಿಪರಿಸಂಖ್ಯಾನ. ಮುನಿಗಳಿಗೆ ಇದು ಆಹಾರಚರ್ಯೆಗೆ ಹೊರಡುವಾಗಿನ ಸಂಕಲ್ಪ. ಶ್ರಾವಕನ ಮನೆಯಲ್ಲಿ ಇಂದು ಇಷ್ಟೇ ಪದಾರ್ಥ ಸಾಕೆಂಬ ಎಣಿಕೆಯಾಗಿ ಇಳಿದು ಬಂದಿದೆ. ನಾಲ್ಕನೆಯದಾದ ರಸಪರಿತ್ಯಾಗದಲ್ಲಿ ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಮೊದಲಾದವುಗಳಲ್ಲಿ ಒಂದನ್ನೋ ಎರಡನ್ನೋ ಬಿಡುವುದಿದೆ. ಇಂದಿನ ಆಹಾರತಜ್ಞರು ಮಧುಮೇಹಿಗೂ ರಕ್ತದೊತ್ತಡದ ರೋಗಿಗೂ ಬರೆದುಕೊಡುವ ಚೀಟಿಯ ಬಹುಭಾಗ ಎರಡರಿಂದ ನಾಲ್ಕರವರೆಗಿನ ಈ ತಪಸ್ಸುಗಳಲ್ಲಿ ಅಡಗಿದೆ. ಆದರೂ ದಶಲಕ್ಷಣ ಪರ್ವದಲ್ಲಿ ಹಾರ, ಶಾಲು, ಮೆರವಣಿಗೆಗಳು ಸಲ್ಲುವುದು ಮೊದಲನೆಯದಕ್ಕೆ ಮಾತ್ರ. ಹತ್ತು ದಿನ ಉಪವಾಸ ಮಾಡಿದವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಹತ್ತು ತಿಂಗಳು ಪ್ರತಿ ಊಟದಲ್ಲೂ ಎರಡು ತುತ್ತು ಕಡಿಮೆ ಉಂಡವರ ಹೆಸರನ್ನು ಕೂಗಿದ ಬಸದಿ ಯಾವುದೂ ಇರಲಿಕ್ಕಿಲ್ಲ.

ಮುನಿಗಳ ಆಚಾರವನ್ನು ಹೇಳುವ ಪ್ರಾಚೀನ ಗ್ರಂಥವಾದ ಮೂಲಾಚಾರದಲ್ಲಿ ಪುರುಷನ ಸಹಜ ಆಹಾರ 32 ತುತ್ತು ಎಂಬ ಗಣನೆಯಿದೆ. ಅದರಿಂದ ಒಂದೊಂದೇ ತುತ್ತನ್ನು ಇಳಿಸುತ್ತ ಹೋಗುವುದು ಅವಮೌದರ್ಯ. 32ರಿಂದ 31ಕ್ಕೆ ಇಳಿದರೂ ಅದು ತಪಸ್ಸೇ ಆಗುತ್ತದೆ ಎಂಬುದನ್ನು ಗಮನಿಸಬೇಕು. ಹವ್ಯಾಸ ಬದಲಾಗುವುದು ಇಂಥ ಸಣ್ಣ, ಎಣಿಸಬಹುದಾದ ಹೆಜ್ಜೆಯಿಂದ.

ದೆಹಲಿಗೆ ಬಂದ ಕನ್ನಡ ಜೈನ ಕುಟುಂಬಗಳಿಗೆ ಮೊದಲು ಕೈತಪ್ಪುವ ನಿಯಮ ರಾತ್ರಿಭೋಜನ ತ್ಯಾಗ. ಇದರ ಹಿಂದೆ ಭೂಗೋಳವೂ ಇದೆ, ಸರ್ಕಾರದ ಗಡಿಯಾರವೂ ಇದೆ. ಡಿಸೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಸುಮಾರು 5.53ಕ್ಕೆ, ದೆಹಲಿಯಲ್ಲಿ ಸುಮಾರು 5.24ಕ್ಕೆ. ಕೇಂದ್ರ ಸರ್ಕಾರದ ಕಚೇರಿಗಳ ಸಾಮಾನ್ಯ ವೇಳೆ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ. ಸರ್ಕಾರಿ ನೌಕರರ ಬಡಾವಣೆಯಾದ ಕಿದ್ವಾಯಿ ನಗರದಲ್ಲಿ ಆ ದಿನಗಳಲ್ಲಿ ಗೃಹಸ್ಥನು ಮೇಜಿನಿಂದ ಏಳುವ ಮೊದಲೇ ಅಸ್ತಮಾನವಾಗಿರುತ್ತದೆ. ಅಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮುಂಚೆ ಊಟ ಮುಗಿಯಬೇಕೆಂಬ ಕಟ್ಟುನಿಟ್ಟನ್ನು ಪಾಲಿಸುವವರಿಗೆ 4.35ರ ವೇಳೆಗೇ ಗಡುವು. ಜೂನ್ ಕೊನೆಯಲ್ಲಿ ಅದೇ ಸೂರ್ಯ 7.20 ದಾಟುವವರೆಗೂ ಇರುತ್ತಾನೆ.

ಇಂಥ ನಗರದಲ್ಲಿ ನಿಯಮ ಮುರಿಯುತ್ತದೆ. ಮುರಿದ ಮೇಲೆ ಒಮ್ಮೆಲೇ ಇನ್ನೊಂದು ತುದಿಗೆ ಜಾರುತ್ತದೆ. ಸೂರ್ಯಾಸ್ತಕ್ಕೆ ಉಣ್ಣಲಾಗದವನು ಏಳು ಗಂಟೆಗೆ ಉಣ್ಣಬಹುದಿತ್ತು. ಅವನು ಉಣ್ಣುವುದು ಟಿ.ವಿ. ಮುಂದೆ ಕುಳಿತು ಹತ್ತು ಗಂಟೆಗೆ. ಪೂರ್ಣ ಪಾಲನೆ ಅಥವಾ ಪೂರ್ಣ ತ್ಯಾಗ ಎಂಬ ಈ ಎರಡೇ ಮನೆಗಳ ಲೆಕ್ಕ ಶ್ರಾವಕಾಚಾರದಲ್ಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನಿಗೆ ಹನ್ನೊಂದು ಮೆಟ್ಟಿಲುಗಳನ್ನು ಹೇಳುತ್ತದೆ. ರಾತ್ರಿಭುಕ್ತಿ ವಿರತಿಗೆ ಅಲ್ಲಿ ಆರನೆಯ ಸ್ಥಾನ. ಅದಕ್ಕೂ ಮುಂಚೆ ಐದು ಮೆಟ್ಟಿಲುಗಳಿವೆ ಎಂಬುದು ನಗರವಾಸಿಗೆ ಧೈರ್ಯ ಕೊಡಬೇಕಾದ ಸಂಗತಿ. ವ್ಯಾವಹಾರಿಕವಾಗಿ ನೋಡಿದರೆ ಮಾಡಬಹುದಾದದ್ದು ಸರಳವಾಗಿದೆ. ಚಳಿಗಾಲದಲ್ಲಿ ಎರಡನೆಯ ಡಬ್ಬಿಯೊಂದು ಕಚೇರಿಗೆ ಹೋಗಲಿ: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದಿಷ್ಟು ಮೊಸರು. ಸಂಜೆಯ ಚಹಾ–ಬಿಸ್ಕತ್ತಿನ ಹೊತ್ತಿಗೆ ಅದೇ ಊಟವಾಗುತ್ತದೆ. ಬೇಸಗೆಯಲ್ಲಂತೂ ಮನೆಗೆ ಬಂದು ಉಣ್ಣಲು ಸೂರ್ಯನೇ ಕಾದಿರುತ್ತಾನೆ.

ಬೇಗ ಉಂಡರೆ ಸಾಕು, ಎಷ್ಟಾದರೂ ಉಣ್ಣಬಹುದು ಎಂಬ ಭ್ರಮೆಯೂ ಬೇಡ. ರಾತ್ರಿಭೋಜನ ತ್ಯಾಗವನ್ನು ಇಂದಿನ ವಿಜ್ಞಾನ ‘ಸಾಬೀತುಮಾಡಿದೆ’ ಎಂಬ ಸಂದೇಶಗಳು ವಾಟ್ಸಾಪ್‌ನಲ್ಲಿ ಹೇರಳವಾಗಿ ಹರಿದಾಡುತ್ತವೆ. ಚೀನಾದ ಗುವಾಂಗ್‌ಝೌದಲ್ಲಿ 139 ಮಂದಿ ಸ್ಥೂಲಕಾಯರ ಮೇಲೆ ಒಂದು ವರ್ಷ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳಿಗೆ ಒಂದೇ ಪ್ರಮಾಣದಲ್ಲಿ ಆಹಾರ ಇಳಿಸಲಾಗಿತ್ತು. ಒಂದು ಗುಂಪು ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ಉಂಡಿತು. ವರ್ಷದ ಕೊನೆಗೆ ಎರಡೂ ಗುಂಪುಗಳ ತೂಕ ಇಳಿದಿತ್ತು. ಅವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತೂಕದ ಮಟ್ಟಿಗಾದರೂ ಕೆಲಸ ಮಾಡಿದ್ದು ಪ್ರಮಾಣ. ರಾತ್ರಿಭೋಜನ ತ್ಯಾಗದ ಆಧಾರ ಅಹಿಂಸೆ. ಅದಕ್ಕೆ ಪ್ರಯೋಗಾಲಯದ ಮುದ್ರೆ ಬೇಕಾಗಿಲ್ಲ, ಆ ಮುದ್ರೆ ಸಿಗದಿದ್ದರೆ ಅದರ ಬೆಲೆ ಇಳಿಯುವುದೂ ಇಲ್ಲ. ದೇಹದ ಭಾರ ಇಳಿಯಬೇಕಾದವರಿಗೆ ಬೇಕಾದುದು ಅವಮೌದರ್ಯ.

ಹವ್ಯಾಸ ಎಷ್ಟು ದಿನದಲ್ಲಿ ನೆಲೆಯೂರುತ್ತದೆ? 21 ದಿನ ಎಂಬುದು ಜನಪ್ರಿಯ ಉತ್ತರ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಸುಮಾರು 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ಅಂತರ. ನಡುವೆ ಒಂದು ದಿನ ತಪ್ಪಿದರೆ ಹವ್ಯಾಸ ಕಟ್ಟುವ ಕೆಲಸಕ್ಕೆ ಹೆಚ್ಚಿನ ಭಂಗವಿಲ್ಲವೆಂಬುದೂ ಅದರಲ್ಲಿ ಕಂಡುಬಂತು. ಶ್ರಾವಕಾಚಾರದ ರಚನೆ ಇದಕ್ಕೆ ಆಶ್ಚರ್ಯಕರವಾಗಿ ಹೊಂದುತ್ತದೆ. ಸಮಂತಭದ್ರರು ತ್ಯಾಗದಲ್ಲಿ ಎರಡು ಬಗೆ ಹೇಳುತ್ತಾರೆ: ಕಾಲಮಿತಿ ಇಟ್ಟುಕೊಂಡದ್ದು ನಿಯಮ, ಜೀವಾವಧಿಯದು ಯಮ. ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂದು ನಿಯಮ ಹಿಡಿಯಬಹುದು. ವ್ರತ ತಪ್ಪುವುದನ್ನು ಮೊದಲೇ ಊಹಿಸಿ ಪ್ರತಿಯೊಂದಕ್ಕೂ ಅತಿಚಾರಗಳನ್ನು ಎಣಿಸಿದ್ದಾರೆ, ತಿದ್ದಿಕೊಳ್ಳಲು ಪ್ರತಿಕ್ರಮಣವನ್ನು ಇಟ್ಟಿದ್ದಾರೆ. ಆದ್ದರಿಂದ ಮಧುಮೇಹಿಯಾದ ಗೃಹಸ್ಥ “ಇನ್ನು ಜನ್ಮದಲ್ಲಿ ಸಿಹಿ ಮುಟ್ಟೆನು” ಎಂದು ಬಸದಿಯಲ್ಲಿ ಘೋಷಿಸುವ ಬದಲು “ಚಾತುರ್ಮಾಸ ಮುಗಿಯುವವರೆಗೆ ಚಹಾಕ್ಕೆ ಸಕ್ಕರೆ ಇಲ್ಲ” ಎಂದು ನಿಯಮ ಹಿಡಿದರೆ ಶಾಸ್ತ್ರಕ್ಕೂ ಸಮ್ಮತ, ಶರೀರಕ್ಕೂ ಸಾಧ್ಯ. ಅಷ್ಟರಲ್ಲಿ 66 ದಿನಗಳು ಆರಾಮವಾಗಿ ಕಳೆದಿರುತ್ತವೆ.

ಶರೀರವೊಂದೇ ಆರೋಗ್ಯವಲ್ಲ ಎಂಬುದು 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದಲ್ಲೇ ಇದೆ: ಶಾರೀರಿಕ, ಮಾನಸಿಕ, ಸಾಮಾಜಿಕ ಕ್ಷೇಮ. 1970ರ ದಶಕದಲ್ಲಿ ಅಮೆರಿಕದ ವೈದ್ಯ ಬಿಲ್ ಹೆಟ್ಲರ್ ಇದನ್ನು ಆರು ಆಯಾಮಗಳಾಗಿ ಹರಡಿ, ಬೌದ್ಧಿಕ, ಔದ್ಯೋಗಿಕ, ಆಧ್ಯಾತ್ಮಿಕ ಕ್ಷೇಮಗಳನ್ನೂ ಸೇರಿಸಿದರು. ವಲಸೆ ಬಂದ ಮನೆಗಳಲ್ಲಿ ಮೊದಲು ಬಡವಾಗುವುದು ಸಾಮಾಜಿಕ ಆಯಾಮ. ಮೂಡಬಿದಿರೆಯಿಂದಲೋ ನಿಪ್ಪಾಣಿಯಿಂದಲೋ ಮಗನ ಮನೆಗೆ ಬಂದ ಮುದುಕಿಗೆ ಹಿಂದಿ ಬಾರದು, ಲಿಫ್ಟಿನ ಭಯ, ಕೆಳಗಿನ ಉದ್ಯಾನದಲ್ಲಿ ಮಾತಿಗೆ ಜನವಿಲ್ಲ. ಆಕೆಗೆ ಸಕ್ಕರೆಯ ಮಾತ್ರೆ ತಪ್ಪದೆ ಸಿಗುತ್ತದೆ. ದಿನಕ್ಕೆ ಹತ್ತು ಕನ್ನಡ ವಾಕ್ಯ ಸಿಗುವುದು ಅನುಮಾನ. ವಾರಕ್ಕೊಮ್ಮೆ ಒಂದೇ ಮನೆಯಲ್ಲಿ ನಾಲ್ಕು ಮನೆಗಳ ಹಿರಿಯರು ಕುಳಿತು ಸಾಮಾಯಿಕ ಮಾಡಿದರೆ ಅದರಿಂದಾಗುವ ಉಪಕಾರ ಯಾವ ತಪಾಸಣೆಯ ಪಟ್ಟಿಯಲ್ಲೂ ಕಾಣುವಂಥದ್ದಲ್ಲ.

ಇಲ್ಲಿಂದ ಮುಂದಿನ ಮಾತು ಕೆಲವರಿಗೆ ಅಪ್ರಿಯವಾಗಬಹುದು. 2016ರಲ್ಲಿ ಹೈದರಾಬಾದಿನಲ್ಲಿ 13 ವರ್ಷದ ಜೈನ ಬಾಲಕಿಯೊಬ್ಬಳು 68 ದಿನಗಳ ಉಪವಾಸದ ತರುವಾಯ ಪ್ರಾಣ ಬಿಟ್ಟಳು. ಆಕೆಯ ಉಪವಾಸಕ್ಕೆ ಸಂಭ್ರಮವಿತ್ತು, ಅಂತ್ಯಯಾತ್ರೆಗೆ ಜನಸಂದಣಿಯಿತ್ತು. ದೇಶವೆಲ್ಲ ಚರ್ಚಿಸಿತು, ಸಮಾಜದ ಒಳಗೆ ಚರ್ಚೆ ಬೇಗನೆ ತಣ್ಣಗಾಯಿತು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುವ ಷೋಡಶ ಕಾರಣ ಭಾವನೆಗಳಲ್ಲಿ ತಪಸ್ಸಿನ ಹಿಂದೆ ಒಂದು ವಿಶೇಷಣವಿದೆ: ಶಕ್ತಿತಃ, ಶಕ್ತಿಗೆ ತಕ್ಕಂತೆ. ಬೆಳೆಯುವ ಮಗುವಿನ ಶಕ್ತಿಯನ್ನು ಅಳೆಯುವ ಹೊಣೆ ತಂದೆತಾಯಿಯರದು. ಸ್ತ್ರೀಯರ ವಿಷಯದಲ್ಲೂ ಇದೇ ಪ್ರಶ್ನೆಯಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಮನೆಯಲ್ಲಿ ಹೆಚ್ಚು ವ್ರತ ಹಿಡಿಯುವವಳು ಅವಳೇ, ವ್ರತದ ದಿನವೂ ಇತರರಿಗೆ ಬೇಯಿಸುವವಳು ಅವಳೇ. ಮೊಟ್ಟೆ, ಮಾಂಸಗಳಿಲ್ಲದ ಆಹಾರದಲ್ಲಿ ಬಿ–12 ಜೀವಸತ್ವ ಬರುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ಹಾಲು ಮಕ್ಕಳಿಗೆ, ಮೊಸರು ಯಜಮಾನರಿಗೆ ಬಡಿಸಿದ ಮೇಲೆ ಉಳಿದದ್ದು ಅವಳ ಪಾಲು. ದಶಲಕ್ಷಣಕ್ಕೆ ಒಂದು ತಿಂಗಳು ಮುಂಚೆ ಹಿಮೋಗ್ಲೋಬಿನ್, ಬಿ–12 ಪರೀಕ್ಷೆ ಮಾಡಿಸುವುದು ಅಧರ್ಮವಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಕೂತರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ಭಾದ್ರಪದದ ಸೆಕೆಯಲ್ಲಿ ನೀರನ್ನೂ ಬಿಟ್ಟರೆ ಅಪಾಯ ಇಮ್ಮಡಿ.

ವೈದ್ಯ ಮತ್ತು ವ್ರತ ಪರಸ್ಪರ ವಿರೋಧಿಗಳೆಂಬ ಭಾವನೆ ಕನ್ನಡ ಜೈನ ಪರಂಪರೆಗೆ ಸೇರಿದ್ದಲ್ಲ. ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥ ಬರೆದರು; ಮಾಂಸ, ಮದ್ಯ, ಮಧುಗಳಿಲ್ಲದೆ ಚಿಕಿತ್ಸೆ ಸಾಧ್ಯವೆಂಬುದು ಅದರ ನಿಲುವು. 12ನೆಯ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದ. 14ನೆಯ ಶತಮಾನದ ಮಂಗರಾಜ ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನು ಬರೆದ. ಇವರೆಲ್ಲ ರೋಗಿಯ ನಾಡಿ ಹಿಡಿಯುವುದನ್ನೂ ಧರ್ಮದ ಕೆಲಸವೆಂದೇ ಬಗೆದವರು.

ವೈಯಕ್ತಿಕ ಆರೋಗ್ಯ ಎಂಬ ಮಾತಿಗೆ ಒಂದು ಮಿತಿಯಿದೆ. ದೆಹಲಿಯಲ್ಲಿ ಅದು ಉಸಿರಿನಲ್ಲೇ ಎದುರಾಗುತ್ತದೆ. ಸೂಕ್ಷ್ಮ ಕಣ ಪಿಎಂ 2.5ಕ್ಕೆ ಭಾರತದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ 5. ದೆಹಲಿಯ ವಾರ್ಷಿಕ ಸರಾಸರಿ ಭಾರತದ ಮಿತಿಗೇ ಇಮ್ಮಡಿ ಮೀರಿದೆ. ಊರಿನಲ್ಲಿ ಹಿರಿಯರು ಹೇಳಿದ ಬೆಳಗಿನ ನಡಿಗೆ ನವೆಂಬರಿನ ದೆಹಲಿಯಲ್ಲಿ ಕೆಟ್ಟ ಸಲಹೆ. ತಂಪು ಗಾಳಿ ನೆಲಕ್ಕೆ ಅಂಟಿಕೊಂಡಿರುವ ಆ ಹೊತ್ತಿಗಿಂತ ಮಧ್ಯಾಹ್ನ ಮೇಲು, ಗಾಳಿ ತೀರ ಕೆಟ್ಟ ದಿನ ಮನೆಯೊಳಗಿನ ವ್ಯಾಯಾಮವೇ ಮೇಲು. ಗಾಳಿ ಶುದ್ಧೀಕರಿಸುವ ಯಂತ್ರ ಕೊಂಡವರು ತಮ್ಮ ಕೋಣೆಯನ್ನು ಉಳಿಸಿಕೊಳ್ಳುತ್ತಾರೆ. ಕೆಳಗೆ ಕಾವಲಿರುವವನಿಗೆ ಆ ಯಂತ್ರವಿಲ್ಲ.

ಸುಮಾರು 86 ಎಕರೆಯ ಪೂರ್ವ ಕಿದ್ವಾಯಿ ನಗರದಲ್ಲಿ ಹಳೆಯ ತಗ್ಗು ಕ್ವಾರ್ಟರ್ಸ್ ಕೆಡವಿ 4,600ಕ್ಕೂ ಹೆಚ್ಚು ಮನೆಗಳ ಬಹುಮಹಡಿಗಳು ಎದ್ದಿವೆ. ಅಂಥದೇ ಪುನರ್ನಿರ್ಮಾಣಕ್ಕೆಂದು ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರಗಳಲ್ಲಿ ಸಾವಿರಾರು ಮರ ಕಡಿಯಲು ಹೊರಟಾಗ 2018ರಲ್ಲಿ ನಾಗರಿಕರು ಬೀದಿಗಿಳಿದರು, ದೆಹಲಿ ಉಚ್ಚ ನ್ಯಾಯಾಲಯ ತಡೆ ನೀಡಿತು. ವಾಯುಕಾಯ, ವನಸ್ಪತಿಕಾಯ ಜೀವಗಳಿವೆಯೆಂದು ಬಾಲಬೋಧದಲ್ಲೇ ಮಕ್ಕಳಿಗೆ ಕಲಿಸುವ ಸಮಾಜ ಇದು. ಜಲಕಾಯದ ಮೇಲಿನ ಕರುಣೆಯಿಂದ ನೀರನ್ನು ಇಂದಿಗೂ ಬಟ್ಟೆಯಲ್ಲಿ ಸೋಸುತ್ತದೆ. ಗಾಳಿಯ ವಿಷಯದಲ್ಲಿ ಮತ ಕೇಳಲು ಬಂದ ಅಭ್ಯರ್ಥಿಗೆ ಒಂದು ಪ್ರಶ್ನೆಯನ್ನಾದರೂ ಕೇಳಿತೇ? ತೀರ್ಥಕ್ಷೇತ್ರಗಳ ಹಕ್ಕಿಗಾಗಿ ಮೌನ ಮೆರವಣಿಗೆ ತೆಗೆಯಬಲ್ಲ ಸಮಾಜಕ್ಕೆ ಮಕ್ಕಳ ಶ್ವಾಸಕೋಶಕ್ಕಾಗಿ ಒಂದು ಮನವಿಪತ್ರ ಬರೆಯುವುದು ಕಷ್ಟವಾಗಬಾರದು.

ಭಾದ್ರಪದ ಶುಕ್ಲ ಪಂಚಮಿಗೆ ದಶಲಕ್ಷಣ ಆರಂಭವಾಗುತ್ತದೆ. ಉಪವಾಸಿಗಳ ಹೆಸರು ಓದುವ ಸಂಘಟಕರು ಈ ಸಲ ಇನ್ನೊಂದು ಪಟ್ಟಿಗೂ ಜಾಗ ಬಿಡಲಿ: ಆಷಾಢದಿಂದ ಚಹಾದ ಸಕ್ಕರೆ ಬಿಟ್ಟವರು, ಉಪ್ಪಿನಕಾಯಿಯ ಭರಣಿಯನ್ನು ಮೇಜಿನಿಂದ ತೆಗೆದಿಟ್ಟವರು, ಏಳು ಗಂಟೆಯ ನಂತರ ಉಣ್ಣದವರು, ಹೆಂಡತಿಯ ವ್ರತದ ದಿನ ತಾವೇ ಅಡುಗೆ ಮಾಡಿದ ಗಂಡಂದಿರು. ಕೊನೆಯ ಸಾಲಿಗೆ ಹೆಸರುಗಳು ಬಾರದಿದ್ದರೆ ಆ ಸಾಲನ್ನು ಖಾಲಿಯಾಗಿಯೇ ಓದಲಿ.