ತೊಟ್ಟಿಲ ಹಾಸಿಗೆ

ಕೋಡಿಹಳ್ಳಿಯ ನಮ್ಮ ಮನೆಗೆ ಮೊಮ್ಮಗ ಬಂದಾಗ, ತೊಟ್ಟಿಲಿಗೆಂದು ನಾನು ಬೂರುಗದ ಅರಳೆಯ ಹಾಸಿಗೆಯನ್ನು ಹೊಲಿಸಿ ತಂದೆ. ಸೊಸೆ ಅದರ ಮೇಲೆ ಅಂಗೈ ಊರಿ ತೆಗೆದಳು. "ಇದು ಬೇಡ ಮಾವ, ಕೈಯ ಗುರುತು ಹಾಗೆಯೇ ಉಳಿಯಿತು ನೋಡಿ" ಎಂದಳು. ನನಗೆ ಮುನಿಸು ಬಂದಿತು.

ಕೇಳುಗರೇ, ತಪ್ಪು ನನ್ನದೇ. 'ಮೆತ್ತೆ' ಎಂಬ ಮಾತಿನಲ್ಲಿ ಮೆತ್ತಗಿರುವ ಗುಣವಿದೆ. 'ಹಾಸಿಗೆ' ಎಂಬಲ್ಲಿ ಹಾಸುವುದಷ್ಟೇ ಇದೆ. ಕೂಸಿಗೆ ಬೇಕಾದುದು ಎರಡನೆಯದು. ಎಳೆಯ ಕತ್ತು ಬಲಿತಿರುವುದಿಲ್ಲ. ಮೂಗು ಮೆತ್ತೆಯಲ್ಲಿ ಹುದುಗಿದರೆ ಉಸಿರು ಕಟ್ಟೀತು. ಆದುದರಿಂದ ಹಾಸಿಗೆ ಗಟ್ಟಿಯಾಗಿ, ಸಮನಾಗಿ, ತೊಟ್ಟಿಲ ಅಂಚಿಗೆ ಸಂದಿಲ್ಲದಂತೆ ಕೂಡಬೇಕು. ಮೇಲೆ ಬಿಗಿದು ಹಾಸಿದ ಹತ್ತಿಯ ಬಟ್ಟೆ ಸಾಕು. ದಿಂಬು ಬೇಡ, ನಮ್ಮ ಅಜ್ಜಿಯರ ಸಾಸಿವೆಯ ದಿಂಬೂ ಬೇಡ. ಮಗುವನ್ನು ಅಂಗಾತವೇ ಮಲಗಿಸಬೇಕು. ಬೋರಲು ಮಲಗಿಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 1992ರಲ್ಲಿ ಹೇಳಿತು. ನಿದ್ರೆಯಲ್ಲಿ ಕಾರಣ ತಿಳಿಯದೆ ಸಂಭವಿಸುತ್ತಿದ್ದ ಶಿಶುಮರಣಗಳು ಅಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿದವು.

ಮರುದಿನವೇ ತೆಂಗಿನ ನಾರಿನ ಗಟ್ಟಿ ಹಾಸಿಗೆ ಬಂದಿತು. ಅಂಗೈ ಊರಿ ತೆಗೆದೆ, ಗುರುತು ಉಳಿಯಲಿಲ್ಲ. ಆ ಬೂರುಗದ ಅರಳೆ ಈಗ ನನ್ನ ದಿಂಬಿನಲ್ಲಿದೆ.