ಹಲ್ಲುನೋವು



ದೇಹದ ಬಾಧೆಗಳಲ್ಲಿ ಹಲ್ಲುನೋವಿನಷ್ಟು ಅನಾದರಕ್ಕೆ ಪಾತ್ರವಾದುದು ಬಹುಶಃ ಮತ್ತೊಂದಿಲ್ಲ. ಜ್ವರ ಬಂದರೆ ವೈದ್ಯರಿಗೆ ಹೇಳಿಕಳುಹಿಸುವ ನಾವು, ಹಲ್ಲು ನೊಂದರೆ ಒಂದು ಲವಂಗವನ್ನು ಕಚ್ಚಿಕೊಂಡು ಸುಮ್ಮನಾಗುತ್ತೇವೆ. ನೋವು ಅಡಗಿದೊಡನೆ ರೋಗವೂ ಅಡಗಿತೆಂದು ನಂಬುತ್ತೇವೆ. ಅಪಾಯವಿರುವುದು ಈ ನಂಬಿಕೆಯಲ್ಲಿಯೇ.

ಕೆಟ್ಟ ಹಲ್ಲನ್ನು ನಾವು ಹುಳುಕು ಹಲ್ಲೆನ್ನುತ್ತೇವೆ. ಹಲ್ಲಿನೊಳಗೆ ಹುಳುವಿದೆಯೆಂಬ ಭಾವನೆ ನಮ್ಮಲ್ಲಿ ಮಾತ್ರವಲ್ಲ, ಯೂರೋಪಿನಲ್ಲಿಯೂ ಬಹುಕಾಲ ಇದ್ದಿತು. ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ಮಿಲ್ಲರನು 1890ರ ತನ್ನ ಗ್ರಂಥದಲ್ಲಿ ಇದರ ನಿಜವಾದ ಕಾರಣವನ್ನು ವಿವರಿಸಿದನು. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯ ಅಂಶವನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವಾದ ಎನಾಮಲ್ಲನ್ನು ಕರಗಿಸುತ್ತದೆ. ಎನಾಮಲ್ಲಿನಲ್ಲಿ ನರವಿಲ್ಲವಾದುದರಿಂದ ಮೊದಮೊದಲು ನೋವು ತೋರದು. ಕುಳಿಯು ಒಳಪದರವನ್ನು ಮುಟ್ಟಿದಾಗ ತಣ್ಣೀರೂ ಸಿಹಿಯೂ ಚುಳುಕ್ಕೆನಿಸುತ್ತವೆ. ನರವೂ ರಕ್ತನಾಳವೂ ಇರುವ ತಿರುಳನ್ನು ಮುಟ್ಟಿದಾಗಲಾದರೋ, ಆ ತಿರುಳು ಊದಿಕೊಳ್ಳುತ್ತದೆ. ಸುತ್ತಲೂ ಗಟ್ಟಿ ಗೋಡೆಯಿರುವುದರಿಂದ ಊತಕ್ಕೆ ಎಡೆಯಿಲ್ಲ. ಮಲಗಿದಾಗ ಆ ಒತ್ತಡವು ಇನ್ನೂ ಹೆಚ್ಚುತ್ತದೆ; ರಾತ್ರಿಯ ನರಳಾಟಕ್ಕೆ ಇದೇ ಕಾರಣ.

ಆ ರಾತ್ರಿ ಮಾಡತಕ್ಕುದೇನು? ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಬೇಕು. ಹಲ್ಲಿನ ಸಂದಿಯಲ್ಲಿ ಸಿಕ್ಕ ಅನ್ನದ ಅಗುಳನ್ನು ದಾರದಿಂದ ಮೆಲ್ಲನೆ ತೆಗೆಯಬೇಕು. ತಲೆದಿಂಬನ್ನು ಎತ್ತರಿಸಿ ಮಲಗಬೇಕು. ಕೆನ್ನೆಯ ಹೊರಗೆ ತಣ್ಣೀರ ಬಟ್ಟೆಯನ್ನಿಡಬಹುದು. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ನೋವನ್ನು ಸ್ವಲ್ಪಕಾಲ ಮಂದಗೊಳಿಸುತ್ತದೆ. ಆದರೆ ಎಣ್ಣೆಯನ್ನು ಹಾಗೆಯೇ ಸುರಿದರೆ ವಸಡು ಸುಡುವುದು, ಮಕ್ಕಳಿಗಂತೂ ಕೂಡದು. ದೊಡ್ಡವರು ಪ್ಯಾರಾಸಿಟಮಾಲ್ ಗುಳಿಗೆಯನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣ ಮೀರದೆ ನುಂಗಬಹುದು. ಆಸ್ಪಿರಿನ್ ಗುಳಿಗೆಯನ್ನು ವಸಡಿಗೆ ಒತ್ತಿಟ್ಟುಕೊಳ್ಳುವುದು ತಪ್ಪು, ಅದರಿಂದ ಹುಣ್ಣಾಗುವುದು.

ಇವೆಲ್ಲ ಬೆಳಗಿನವರೆಗೆ ಕಾಲ ಕಳೆಯುವ ಉಪಾಯಗಳೇ ಹೊರತು ಚಿಕಿತ್ಸೆಯಲ್ಲ. ನೋವು ಎರಡು ದಿನ ನಿಂತರೆ, ಅಥವಾ ನೋವು ನಿದ್ರೆ ಕೆಡಿಸಿದರೆ, ದಂತವೈದ್ಯರನ್ನು ಕಾಣಬೇಕು. ತೀವ್ರವಾದ ನೋವು ತಾನಾಗಿ ನಿಂತುಹೋದರೆ ಹಿಗ್ಗಬಾರದು. ತಿರುಳು ಸತ್ತುದರಿಂದಲೂ ನೋವು ನಿಲ್ಲುವುದುಂಟು. ಆಗ ಕೀವು ಸದ್ದಿಲ್ಲದೆ ಬೇರಿನ ತುದಿಗಿಳಿಯುತ್ತದೆ. ಮುಖ ಅಥವಾ ದವಡೆಯ ಕೆಳಭಾಗ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಈ ಊತವು ಉಸಿರುಕಟ್ಟಿಸಿ ಪ್ರಾಣ ತೆಗೆದುದುಂಟು. ದವಡೆಯ ನೋವಿನೊಡನೆ ಎದೆಯೂ ಬಿಗಿದರೆ ಅದು ಹೃದಯದ ಕೂಗಾಗಿರಬಹುದು, ಆಗಲೂ ತಡಮಾಡಲಾಗದು.

ಅನೇಕರನ್ನು ಹಿಂದೆಗೆಸುವುದು ಹಣವಲ್ಲ, ಹೆದರಿಕೆ. ಈ ಹೆದರಿಕೆಗೆ ಹಿಂದೆ ಕಾರಣವಿದ್ದಿತು. ಆದರೆ 1844ರ ಡಿಸೆಂಬರಿನಲ್ಲಿ ಹಾರ್ಟ್‌ಫರ್ಡಿನ ದಂತವೈದ್ಯ ಹೊರೇಸ್ ವೆಲ್ಸನು ನೈಟ್ರಸ್ ಆಕ್ಸೈಡ್ ಅನಿಲವನ್ನು ಸೇವಿಸಿ ತನ್ನ ಹಲ್ಲನ್ನೇ ಕೀಳಿಸಿಕೊಂಡು, ನೋವಿಲ್ಲದೆ ಇದು ಸಾಧ್ಯವೆಂದು ತೋರಿಸಿದನು. ಈಗಲಂತೂ ಸೂಜಿಮದ್ದಿನಿಂದ ವಸಡನ್ನು ಮರಗಟ್ಟಿಸುತ್ತಾರೆ. ಕೀಳುವುದಕ್ಕೆ ಬದಲಾಗಿ ಬೇರನ್ನು ಶುದ್ಧಿಮಾಡಿ ಹಲ್ಲನ್ನು ಉಳಿಸುವುದೂ ಅನೇಕ ವೇಳೆ ಸಾಧ್ಯ.

ಹಲ್ಲು ನೋಯುವುದು ನಮಗೆ ಬಂದ ಎಚ್ಚರಿಕೆ. ಎಚ್ಚರಿಸಿದವನ ಬಾಯಿ ಮುಚ್ಚಿಸಿ ಮಲಗುವುದು ವಿವೇಕವಲ್ಲ.